ತಾಯಮ್ಮನ ಹೂವು, ನನ್ನ ಕತ್ತರಿ

ಕಳೆದ ತಿಂಗಳು ರುದ್ರಪಟ್ಟಣದಲ್ಲಿ ಒಂದು ಗೃಹಪ್ರವೇಶವಿತ್ತು. ನಮ್ಮವರ ಹಳೆಯ ಸಹೋದ್ಯೋಗಿಯ ಮನೆ. ನಮ್ಮವರಿಗೆ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿದ್ದುದರಿಂದ ಹೊಳೆನರಸೀಪುರದಿಂದ ನಾನೊಬ್ಬಳೇ ಬಸ್ಸು ಹತ್ತಿದೆ. ಅರಕಲಗೂಡು ದಾಟಿ ಸ್ವಲ್ಪ ದೂರ ಹೋಗಿರಬೇಕು, ಕಿಟಕಿಯಿಂದ ಆ ವಾಸನೆ ಬಂತು. ಹೊಗೆಸೊಪ್ಪು ಬೇಯಿಸುವ ವಾಸನೆ. ಗೊತ್ತಿಲ್ಲದವರಿಗೆ ಹೇಳುವುದು ಕಷ್ಟ. ಬೆಲ್ಲದ ಪಾಕ ತಳ ಹತ್ತಿದ ಹಾಗೆ, ಒದ್ದೆ ಹುಲ್ಲಿಗೆ ಬಿಸಿಲು ಬಿದ್ದ ಹಾಗೆ, ಕೊನೆಯಲ್ಲಿ ಗಂಟಲಿಗೊಂದು ಘಾಟು. ಹೊಲಗಳ ನಡುವೆ ಸೊಪ್ಪು ಬೇಯಿಸುವ ಎತ್ತರದ ಗೂಡುಗಳು, ಬ್ಯಾರನ್ನುಗಳು, ಹೊಗೆಯಾಡುತ್ತಿದ್ದವು. ಪಕ್ಕದ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ನಾನು ಹಿಡಿಯಲಿಲ್ಲ. ಆ ಘಾಟಿನ ಹಿಂದೆಯೇ ನನಗೆ ಒಬ್ಬಳ ಕೆಮ್ಮು ಕೇಳಿಸಿದಂತಾಯಿತು.

ಇನ್ನು ಹತ್ತು ನಿಮಿಷಕ್ಕೆ ಬರುವ ಹೋಬಳಿ ಊರಿನಲ್ಲಿ ನಾವು ಒಂದು ವರ್ಷ ಇದ್ದೆವು. ಊರಿನ ಹೆಸರು ಬರೆಯುವುದಿಲ್ಲ. ತಾಯಮ್ಮ ಎಂದು ನಾನು ಕರೆಯಲಿರುವವಳ ಹೆಸರೂ ತಾಯಮ್ಮ ಅಲ್ಲ. ಯಾಕೆಂದು ಓದುತ್ತಾ ಹೋದರೆ ನಿಮಗೇ ತಿಳಿಯುತ್ತದೆ.

ಕೊರೊನಾಕ್ಕೆ ಮುಂಚಿನ ಮಾತು. ನಮ್ಮವರಿಗೆ ಅಲ್ಲಿನ ಪದವಿಪೂರ್ವ ಕಾಲೇಜಿಗೆ ವರ್ಗವಾಗಿ, ಜೂನ್ ತಿಂಗಳ ಜಿಟಿಜಿಟಿ ಮಳೆಯಲ್ಲಿ ಸಾಮಾನು ಇಳಿಸಿದೆವು. ಮನೆ ಸಿಕ್ಕಿದ್ದು ಸರ್ಕಾರಿ ಆಸ್ಪತ್ರೆಯ ಎದುರಿಗೆ. ಅಡುಗೆಮನೆಯ ಕಿಟಕಿ ತೆರೆದರೆ ಆಸ್ಪತ್ರೆಯ ಗೇಟು, ಗೇಟಿನ ಪಕ್ಕ ಒಂದು ಹೊಂಗೆ ಮರ. ಮಗಳನ್ನು ಓದಿಗೆಂದು ತಮ್ಮ ಹತ್ತಿರವೇ ಇಟ್ಟುಕೊಂಡಿದ್ದ ಅಮ್ಮ ಹಾಸನದಿಂದ ಫೋನು ಮಾಡಿ, "ಆಸ್ಪತ್ರೆ ಹತ್ರಾನೇ ಇದೆಯಲ್ಲ, ನಂಗೆ ಅಷ್ಟು ಸಾಕು" ಅಂದರು.

ಬೆಳಗ್ಗೆ ದೋಸೆ ಹುಯ್ಯುವ ಹೊತ್ತಿಗೆ ಆ ಮರದ ಕೆಳಗೆ ಜನ ಸೇರುತ್ತಿದ್ದರು. ಮೊದಲ ವಾರ ನಾನು ಅವರನ್ನು ಆಸ್ಪತ್ರೆಗೆ ಬಂದವರು ಎಂದೇ ತಿಳಿದಿದ್ದೆ. ಒಬ್ಬಾತ ಎಕ್ಸ್‌ರೇಯನ್ನು ಕ್ಯಾಲೆಂಡರಿನ ಹಾಗೆ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿರುವನು. ಇನ್ನೊಬ್ಬಳು ಹಬ್ಬಕ್ಕೆ ಉಡುವ ಸೀರೆ ಉಟ್ಟು, ಬಟ್ಟೆ ಅಂಗಡಿಯ ಕವರಿನಲ್ಲಿ ಚೀಟಿಗಳನ್ನು ತುಂಬಿಕೊಂಡು, ಅತ್ತೆಯನ್ನು ಕಲ್ಲಿನ ಮೇಲೆ ಕೂರಿಸಿರುವಳು. ಮೈಸೂರಿನ ಬಸ್ಸು ಬಂದು ನಿಲ್ಲುವುದು. ಅರ್ಧಕ್ಕರ್ಧ ಜನ ಹತ್ತಿ ಹೋಗುವರು. ಅರ್ಧ ಗಂಟೆಗೆ ಹಾಸನದ ಬಸ್ಸು ಬಂದರೆ ಉಳಿದವರೂ ಖಾಲಿ. ಆಮೇಲೆ ಗೇಟಿನ ಒಳಗೆ ಡಾಕ್ಟರಮ್ಮ ಬಂದು ಕುಳಿತುಕೊಳ್ಳುವರು.

ಡಾಕ್ಟರಮ್ಮ ವಿಜಯಪುರದ ಕಡೆಯ ಹುಡುಗಿ. ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇದ್ದಳು. ಭಾನುವಾರ ನಮ್ಮ ಮನೆಗೆ ಕಾಫಿಗೆ ಬರುತ್ತಿದ್ದಳು. ಒಮ್ಮೆ ಕಿಟಕಿಯಿಂದ ಮರದ ಕಡೆ ನೋಡಿ ನಕ್ಕಳು.

"ನೋಡ್ರಿ ಅಕ್ಕಾರ, ನನ್ನ ಗೇಟಿನ ನೆರಳಾಗ ನಿಂತು ಮೈಸೂರಿಗಿ ಹೊಂಟಾರ. ನೆರಳಾದ್ರೂ ಉಪಯೋಗ ಆತಲ್ಲ, ಅಷ್ಟ ಸಮಾಧಾನ."

ಯಾಕೆ ಹೀಗೆ ಎಂದು ನಾನು ಮನೆಯಲ್ಲಿ ಕೇಳಿದರೆ ನಮ್ಮವರು ಪಾಠ ಮಾಡುವ ಧ್ವನಿಯಲ್ಲಿ ವಿವರಿಸಿದರು. "ಸ್ಕ್ಯಾನಿಂಗ್ ಇಲ್ಲ. ಮೂಳೆ ಡಾಕ್ಟರಿಲ್ಲ. ಇವತ್ತಿದ್ದ ಡಾಕ್ಟರು ನಾಳೆ ವರ್ಗ. ಹೋದರೂ ಕೊನೆಗೆ ಹಾಸನಕ್ಕೇ ಬರೆದುಕೊಡ್ತಾರೆ. ಅದಕ್ಕೆ ಇವರೇ ಮೊದಲು ಹೊರಡ್ತಾರೆ." ಪಕ್ಕದ ಮನೆಯ ಪದ್ಮಕ್ಕ, ಹೈಸ್ಕೂಲು ಮೇಷ್ಟರ ಹೆಂಡತಿ, ಕಾಂಪೌಂಡಿನ ಮೇಲಿಂದಲೇ ಒಂದು ಮಾತು ಸೇರಿಸಿದರು. "ಪುಕ್ಸಟ್ಟೆ ಮಾತ್ರೇನ ಯಾರ್ರೀ ನಂಬ್ತಾರೆ?"

ಇವೆಲ್ಲ ಸುಳ್ಳಲ್ಲ. ಆದರೆ ನನಗೆ ಇನ್ನೊಂದು ಕಾರಣ ಹೇಳಿದವಳು ತಾಯಮ್ಮ.

ತಾಯಮ್ಮ ಹೂವಿನವಳು. ಬೆಳಗ್ಗೆ ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಕಡ್ಡಿಗೆ ಎಲೆ ಕಟ್ಟುವ ಕೂಲಿ, ಸಂಜೆ ನಾಲ್ಕಕ್ಕೆ ಕುಕ್ಕೆ ಹೊತ್ತು ಬೀದಿಗೆ. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಇರುವವಳು ಒಬ್ಬಳೇ ಮಗಳು, ರೂಪ. ನನಗಿಂತ ಹತ್ತು ವರ್ಷವಾದರೂ ದೊಡ್ಡವಳಾದ ತಾಯಮ್ಮನನ್ನು ನಾನು "ನೀನು" ಎನ್ನುತ್ತಿದ್ದೆ, ಅವಳು ನನ್ನನ್ನು "ಅಮ್ಮಾವ್ರೆ" ಎನ್ನುತ್ತಿದ್ದಳು. ಆಗ ಅದು ಸಹಜವೆನಿಸಿತ್ತು.

ಅವಳು ಹೂವು ಕೊಡುವುದನ್ನು ನೋಡುವುದೇ ನನಗೊಂದು ಇಷ್ಟ. ಕಾಕಡವೋ ಕನಕಾಂಬರವೋ, ಮೊಣಕೈಯಿಂದ ನಡುಬೆರಳ ತುದಿಗೆ ಒಂದು ಮೊಳ ಅಳೆದು, ಕೊಸರಿಗೆಂದು ಎರಡು ಬೆರಳು ಹೆಚ್ಚಿಗೆ ಬಿಟ್ಟು, ದಾರವನ್ನು ಬಾಯಿಗೆ ಒಯ್ದು ಟಕ್ಕನೆ ಕಚ್ಚುವಳು. ಕೊಸರು ಬಿಡುವಾಗ ಮಾತ್ರ ನಮ್ಮ ಮುಖ ನೋಡುವಳು, ಕಂಡೆಯಾ ಎನ್ನುವ ಹಾಗೆ.

ಆಷಾಢ ಮುಗಿಯುವ ಹೊತ್ತಿಗೆ ಅವಳಿಗಿಂತ ಮೊದಲು ಅವಳ ಕೆಮ್ಮು ಬೀದಿಗೆ ಬರತೊಡಗಿತು. ರವಿಕೆ ತೋಳಿನಲ್ಲಿ ಸಡಿಲವಾಗಿತ್ತು. ಎರಡು ಮನೆ ದಾಟುವಷ್ಟರಲ್ಲಿ ಕುಕ್ಕೆ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದಳು.

"ಎಷ್ಟು ದಿನದಿಂದ ತಾಯಮ್ಮಾ ಇದು?"

"ಹೊಗೆಸೊಪ್ಪಿನ್ ಘಾಟು ಕಣಮ್ಮಾ. ಸೀಜನ್ ಮುಗುದ್ರೆ ಓಯ್ತದೆ."

"ಹೋದ ತಿಂಗಳು ಸೀಜನ್ ಶುರುವೇ ಆಗಿರಲಿಲ್ಲ. ಆಗಲೂ ನೀನು ಕೆಮ್ಮುತ್ತಿದ್ದೆ."

"ಕಾನ್ವೆಂಟ್ನಾಗೆ ಓದ್ದೋರು ಒಂದ್ನೂ ಮರೆಯಾಕಿಲ್ಲ" ಎಂದು ನಗಲು ಹೋಗಿ ಕೆಮ್ಮಿದಳು.

ಎದುರಿಗೇ ಆಸ್ಪತ್ರೆ ಇದೆಯಲ್ಲ ಅಂದೆ. ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ.

"ಅಲ್ಲಿಗಾ? ಬ್ಯಾಡಿ. ಜಾಸ್ತಿ ಆದ್ರೆ ಮೈಸೂರ್ಗೆ ಓಯ್ತೀನಿ."

"ಇಲ್ಲಿ ಡಾಕ್ಟರು ಒಳ್ಳೆಯವರು. ನಾನು ಬಲ್ಲೆ."

"ಡಾಕ್ಟ್ರು ಒಳ್ಳೇರೇ. ನಾನೇನ್ ಇಲ್ಲಾ ಅಂದ್ನಾ?" ಅವಳು ಜಗಲಿಯ ಅಂಚಿಗೆ ಕುಳಿತು ದನಿ ತಗ್ಗಿಸಿದಳು. "ಆ ಬೆಂಚ್ ಮ್ಯಾಲೆ ಒಂದ್ ಗಳ್ಗೆ ಕುಂತ್ ನೋಡಿ ಅಮ್ಮಾವ್ರೆ. ಸಂತೆಗ್ ಓಗೋರು, ಅಂಗ್ಡಿಗ್ ಓಗೋರು, ಎಲ್ಲಾ ನಿಂತ್ಕಂಡು 'ಯಾಕ್ ತಾಯವ್ವ, ಏನಾಗದೆ?' ಅಂತಾರೆ. ಪಿರೂತಿಗೇ ಕೇಳ್ತಾರೆ. ಏನಂತ ಏಳನ? ಕಿಟಕೀಲಿ ಮಾತ್ರೆ ಕೊಡ್ತನಲ್ಲ, ಅವ್ನು ನಮ್ ರೂಪನ್ನ ನೋಡ್ಕಂಡ್ ಓದ್ರಲ್ಲ, ಆ ಗಂಡಿನ್ ದೊಡ್ಡವ್ವನ ಮಗ. ಕೆಮ್ಮೋ ಅವ್ವನ್ ಮಗ್ಳನ್ನ ಯಾರ್ ತಂದ್ಕತಾರೆ? ಮೈಸೂರ್ನಾಗೆ ಸತ್ರೂ ಯಾಕ್ ಸತ್ತೆ ಅಂತ ಒಬ್ರೂ ಕೇಳಾಕಿಲ್ಲ. ಅದೇ ಸುಕ."

ಕುಕ್ಕೆ ಹೊತ್ತು ಹೊರಟಳು. ನಾನು ಎರಡು ದಿನ ಅದನ್ನೇ ಯೋಚಿಸಿದೆ. ಹೌದಲ್ಲ, ಆ ಊರಿನಲ್ಲಿ ಯಾರಾದರೂ ಎದುರಾದರೆ ಕೇಳದೆ ಹೋಗುವುದೇ ಅಹಂಕಾರ. ಸಂತೆಯ ಚೀಲ ಕಂಡರೆ ಏನು ತಂದೆ ಎಂದು ಕೇಳಬೇಕು, ಹೊಸ ಸೀರೆ ಕಂಡರೆ ಎಷ್ಟು ಕೊಟ್ಟೆ ಎಂದು ಕೇಳಬೇಕು, ಆಸ್ಪತ್ರೆಯ ಬೆಂಚಿನಲ್ಲಿ ಕಂಡರೆ ಏನಾಯಿತು ಎಂದು ಕೇಳಬೇಕು.

ಮೂರನೆಯ ದಿನ ನಾನೇ ಒಂದು ಉಪಾಯ ಹೂಡಿದೆ. "ನನಗೆ ಹುಷಾರಿಲ್ಲ, ಜೊತೆಗೆ ಬಾ. ಯಾರಾದರೂ ಕೇಳಿದರೆ ಅಮ್ಮಾವ್ರಿಗೆ ತಲೆಸುತ್ತು ಅನ್ನು."

ಹಾಗೇ ಹೋದೆವು. ಬೆಂಚಿನಲ್ಲಿ ನಾನು ಹಣೆ ಹಿಡಿದು ಕುಳಿತೆ, ತಾಯಮ್ಮ ಸೆರಗಿನಿಂದ ನನಗೆ ಗಾಳಿ ಹಾಕಿದಳು. ಇಬ್ಬರು ನಿಂತು ವಿಚಾರಿಸಿದರು. ಮೂರನೆಯವಳು, "ಏನ್ರಮ್ಮ, ಹೊಸ ಸುದ್ದಿನಾ?" ಎಂದು ಕಣ್ಣು ಮಿಟುಕಿಸಿದಳು. ತಾಯಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂತು. ಇಬ್ಬರೂ ಗಾಬರಿಯಾಗಿ ಡಾಕ್ಟರ ಕೋಣೆಗೆ ನುಗ್ಗಿದೆವು.

ಕಫ ಪರೀಕ್ಷೆ ಆಯಿತು. ಟಿ.ಬಿ. ಎಂದೇ ಬಂತು. ಡಾಕ್ಟರಮ್ಮ ಬಾಗಿಲು ಹಾಕಿ, ತಾಯಮ್ಮನ ಕೈ ಹಿಡಿದು ಹೇಳಿದಳು. "ಆರು ತಿಂಗಳು ಗುಳಿಗಿ. ಒಂದು ದಿನಾನೂ ಬಿಡೂಹಂಗಿಲ್ಲ. ಬಿಟ್ರ ಅದು ಜೋರಾಗಿ ತಿರುಗಿ ಬರ್ತದ, ಆಮ್ಯಾಲೆ ಈ ಗುಳಿಗಿಗಿ ಬಗ್ಗಂಗಿಲ್ಲ. ಮೊದಲಿನ ಸ್ವಲ್ಪ ದಿನ ಬಾಯಿಗಿ ಬಟ್ಟಿ ಕಟ್ಕೊಂಡಿರ್ರಿ. ಆಮ್ಯಾಲೆ ನಿಮ್ಮಿಂದ ಯಾರಿಗೂ ಹರಡಂಗಿಲ್ಲ." ಕಿಟಕಿಯ ಮಾತಿಗೂ ಅವಳೇ ದಾರಿ ಹುಡುಕಿದಳು. ಮಾತ್ರೆಗಳು ನಮ್ಮ ಮನೆಯಲ್ಲಿರಲಿ, ತಾಯಮ್ಮ ದಿನಾ ಹೂವು ಕೊಡಲು ಬಂದಾಗ ನನ್ನೆದುರಿಗೇ ನುಂಗಲಿ. ಅದಕ್ಕೆ ಅವಕಾಶವಿದೆಯಂತೆ. ರೂಪಳ ಪರೀಕ್ಷೆಯೂ ಆಯಿತು, ಅವಳಿಗೆ ಏನೂ ಇರಲಿಲ್ಲ.

ಹೊರಡುವಾಗ ತಾಯಮ್ಮನನ್ನು ಮುಂದೆ ಕಳಿಸಿ ನಾನೊಂದು ಮಾತು ಕೇಳಿದೆ. "ಅವಳು ಹೂವಿನ ದಾರವನ್ನು ಹಲ್ಲಿನಲ್ಲಿ ಕಚ್ಚುತ್ತಾಳೆ. ಅದರಿಂದ ಏನಾದರೂ..."

"ಇಲ್ರಿ ಅಕ್ಕಾರ. ಇದು ಕೆಮ್ಮಿದಾಗ ಗಾಳಿ ಮ್ಯಾಲೆ ಬರೂದು. ದಾರದಿಂದ, ತಾಟಿನಿಂದ ಅಲ್ಲ."

ಇದನ್ನು ನಾನು ಕಿವಿಯಾರೆ ಕೇಳಿದೆ. ಮತ್ತೊಮ್ಮೆ ಹೇಳುತ್ತೇನೆ, ನನಗೆ ಗೊತ್ತಿತ್ತು.

ಮೊದಲ ನಾಲ್ಕು ವಾರ ಚೆನ್ನಾಗಿ ನಡೆಯಿತು. ನಾಲ್ಕು ಗಂಟೆಗೆ ತಾಯಮ್ಮ ಜಗಲಿಗೆ ಬರುವಳು, ನಾನು ನೀರು ಕೊಡುವೆನು, ಅವಳು ಕತ್ತು ಮೇಲೆತ್ತಿ ಮಾತ್ರೆಗಳನ್ನು ಒಂದೊಂದಾಗಿ ನುಂಗಿ, "ಕುದ್ರೆ ಮಾತ್ರೆ ಕಣಮ್ಮೋ" ಎಂದು ಮುಖ ಕಿವುಚುವಳು. ಕೆಮ್ಮು ಇಳಿಯಿತು. ಕೆನ್ನೆ ತುಂಬಿತು. ಗಂಡಿನ ಕಡೆಯವರು ದೀಪಾವಳಿ ಕಳೆದ ಮೇಲೆ ಎಲೆ ಅಡಿಕೆ ಬದಲಾಯಿಸೋಣ ಎಂದಿದ್ದರು.

ಆದರೆ ನಾನು ಅವಳು ನೀರು ಕುಡಿದ ಲೋಟವನ್ನು ಎರಡು ಸಲ ಬಿಸಿನೀರಿನಲ್ಲಿ ತೊಳೆಯುತ್ತಿದ್ದೆ. ಮೊದಲ ವಾರವೇ ಇನ್ನೊಂದು ಕೆಲಸವನ್ನೂ ಮಾಡಿದ್ದೆ. ಕಾನ್ವೆಂಟಿನಲ್ಲಿ ಕಸೂತಿ ಕಲಿಯುವಾಗ ಕೊಂಡ ಒಂದು ಪುಟ್ಟ ಕತ್ತರಿ ನನ್ನಲ್ಲಿತ್ತು, ಕೊಕ್ಕರೆಯ ಕೊಕ್ಕಿನಂಥ ತುದಿಯದು. ಅವಳು ದಾರವನ್ನು ಬಾಯಿಗೆ ಒಯ್ಯುವ ಮೊದಲು ಅದನ್ನು ಮುಂದೆ ಹಿಡಿದು, "ದಿನಾ ಹಲ್ಲು ಯಾಕೆ ಸವೆಸುತ್ತೀಯ?" ಅಂದೆ. ತಾಯಮ್ಮ ಕತ್ತರಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಚೆಂದಾಗದೆ ಕೊಕ್ರೆ" ಎಂದು ಕತ್ತರಿಸಿ ಕೊಟ್ಟಳು. ಅಂದಿನಿಂದ ನಮ್ಮ ಮನೆಯ ಹೂವಿಗೆ ಕತ್ತರಿ. ದೇವರಿಗೆ ಮುಡಿಸುವ ಹೂವಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಬೇರೆಯವರ ಮನಸ್ಸಿಗೆ ನೋವಾಗುವ ಮಾತನ್ನು ಆಡಬಾರದು ಎಂದು ಕಾನ್ವೆಂಟಿನ ಸಿಸ್ಟರ್ ಹೇಳಿಕೊಟ್ಟಿದ್ದರು. ನಾನು ಆಡಲಿಲ್ಲ. ಒಂದೇ ಒಂದು ಮಾತನ್ನೂ ಆಡಲಿಲ್ಲ.

ಗೌರಿ ಹಬ್ಬದ ಹಿಂದಿನ ಸಂಜೆ ಹೂವಿಗೆ ನಮ್ಮ ಜಗಲಿಯ ಮುಂದೆಯೇ ಹೆಂಗಸರು ಸೇರಿದರು. ಪದ್ಮಕ್ಕನೂ ಇದ್ದರು. ತಾಯಮ್ಮ ಆ ದಿನ ಮಾತಿಗೆ ಮಾತು ಎಸೆಯುತ್ತಾ ಖುಷಿಯಲ್ಲಿದ್ದಳು. ಪದ್ಮಕ್ಕನಿಗೆ ನಾಲ್ಕು ಮೊಳ ಮಲ್ಲಿಗೆ ಅಳೆದು, ಕೊಸರು ಬಿಟ್ಟು, ಹಳೆಯ ಅಭ್ಯಾಸದಲ್ಲಿ ದಾರವನ್ನು ಬಾಯಿಗೆ ಒಯ್ದಳು.

ನನ್ನ ಕೈ ನನ್ನನ್ನು ಕೇಳಲಿಲ್ಲ. ಕಿಟಕಿಯ ಕಟ್ಟೆಯ ಮೇಲಿದ್ದ ಕತ್ತರಿ ತಾಯಮ್ಮನ ತುಟಿಗೂ ದಾರಕ್ಕೂ ನಡುವೆ ಬಂದುಬಿಟ್ಟಿತ್ತು.

"ತಾಳು ತಾಳು, ಕತ್ತರಿ ತಗೋ."

ತಾಯಮ್ಮ ಕತ್ತರಿ ತೆಗೆದುಕೊಂಡು ದಾರ ಕತ್ತರಿಸಿದಳು. ಕೊಸರು ಬಿಟ್ಟಾಗ ಮುಖ ನೋಡುವವಳು ಈ ಸಲ ಯಾರ ಮುಖವನ್ನೂ ನೋಡಲಿಲ್ಲ. ಉಳಿದವರಿಗೂ ಹಾಗೇ ಕತ್ತರಿಸಿ ಕೊಟ್ಟು, ಕತ್ತರಿಯನ್ನು ಜಗಲಿಯ ಮೇಲೆ ಮೆಲ್ಲಗೆ ಇಟ್ಟು ಹೋದಳು. ಅವತ್ತು ಮಾತ್ರೆ ನುಂಗಲಿಲ್ಲ.

ಅವಳು ತಿರುವು ದಾಟಿದ ಮೇಲೆ ಪದ್ಮಕ್ಕ ಕೇಳಿದರು. "ಏನ್ರೀ ಅದು, ಹೂವಿನವಳಿಗೆ ಕತ್ತರಿ ಉಪಚಾರ?"

"ಏನಿಲ್ಲ, ಸುಮ್ಮನೆ" ಅಂದೆ. ಸುಳ್ಳು ಹೇಳಿದರೆ ನನ್ನ ಮುಖ ಕೆಂಪಾಗುತ್ತದೆ. ಪದ್ಮಕ್ಕ ಕೈಯಲ್ಲಿದ್ದ ಮಲ್ಲಿಗೆಯನ್ನು ನೋಡಿದರು. ಅವರು ಕೆಟ್ಟವರಲ್ಲ. ಆದರೆ ಅವರಿಗೂ ಕಣ್ಣಿತ್ತು. ಎರಡು ತಿಂಗಳ ಕೆಮ್ಮು, ನನ್ನ ತಲೆಸುತ್ತಿನ ದಿನ ಜೊತೆಗೆ ಹೋದವಳು, ದಿನಾ ನಾಲ್ಕಕ್ಕೆ ನಮ್ಮ ಜಗಲಿಯಲ್ಲಿ ನೀರು ಕುಡಿಯುವವಳು, ಈಗ ಕತ್ತರಿ. ಮರುದಿನ ಅವರ ಮನೆಯ ಗೌರಿಗೆ ಸೇವಂತಿಗೆ ಇತ್ತು, ಮಲ್ಲಿಗೆ ಇರಲಿಲ್ಲ. ಮಲ್ಲಿಗೆ ಕಾಂಪೌಂಡಿನ ಹೊರಗೆ ಬಿದ್ದಿತ್ತು, ನಾಲ್ಕು ಮೊಳವೂ, ಕೊಸರೂ.

ಆಮೇಲೆ ತಾಯಮ್ಮ ಬರಲಿಲ್ಲ. ನಾಲ್ಕು ಗಂಟೆಗೆ ನೀರಿನ ಲೋಟ ಇಟ್ಟುಕೊಂಡು ಕಾದೆ. ಒಂದು ದಿನ, ಎರಡು ದಿನ. ಮಾತ್ರೆಯ ಹಾಳೆಗಳು ಡಬ್ಬಿಯಲ್ಲೇ ಇದ್ದವು. ಡಾಕ್ಟರಮ್ಮ ದಿನಾ ಗೇಟಿನಿಂದಲೇ ಕೈ ಸನ್ನೆಯಲ್ಲಿ ಕೇಳುವಳು, ನಾನು ತಲೆ ಅಲ್ಲಾಡಿಸುವೆನು. ಎಂಟನೆಯ ದಿನ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವಳ ಮನೆಗೆ ಹೋದೆ.

ಬಾಗಿಲಿಗೆ ಬಂದವಳು ರೂಪ. ಅತ್ತು ಊದಿದ ಕಣ್ಣು. ಒಳಗೆ ಬನ್ನಿ ಅನ್ನಲಿಲ್ಲ. ತಾಯಮ್ಮನೇ ಬಂದು ಹೊಸ್ತಿಲ ಮೇಲೆ ನಿಂತಳು. ಪಕ್ಕದಲ್ಲಿ ಕುಕ್ಕೆಯಲ್ಲಿ ಹಿಂದಿನ ದಿನದ ಕನಕಾಂಬರ ಬಾಡಿತ್ತು.

"ಮಾತ್ರೆ ಬಿಡಬಾರದು ತಾಯಮ್ಮ. ಡಾಕ್ಟರು ಹೇಳಿದ್ದು ನೆನಪಿದೆಯಲ್ಲ."

"ನೆಪ್ಪದೆ."

"ಗಂಡಿನ ಕಡೆಯವರು..."

"ಜಾತ್ಕ ಕೂಡ್ನಿಲ್ವಂತೆ. ಮೊದ್ಲು ಕೂಡಿತ್ತು."

ನಾನು ಏನೇನೋ ಹೇಳಿದೆ. ಪದ್ಮಕ್ಕನಿಗೆ ನಾನು ಏನೂ ಹೇಳಲಿಲ್ಲ, ಆಸ್ಪತ್ರೆಯಲ್ಲೂ ಯಾರೂ ಹೇಳಿಲ್ಲ, ದೇವರಾಣೆ ಎಂದೆ. ತಾಯಮ್ಮ ಪೂರ್ತಿ ಕೇಳಿಸಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ನಾನೆಲ್ಲಿ ಏಳ್ದೆ ನೀವ್ ಅಂದ್ರಿ ಅಂತ? ಆಸ್ಪತ್ರೆಯೋರು ಏಳ್ನಿಲ್ಲ. ನೀವೂ ಏಳ್ನಿಲ್ಲ. ಆ ಕತ್ರಿ ಏಳ್ತು." ಸ್ವಲ್ಪ ತಡೆದು ಅಂದಳು, "ನಂಗ್ ಮೊದಲ್ನೇ ದಿನ್ವೇ ಗೊತ್ತಾಯ್ತು ಕಣಮ್ಮ ಅದ್ಯಾಕೆ ಅಂತ. ನೀವ್ ಒಬ್ರೇ ಅಲ್ವಾ, ಓಗ್ಲಿ ಅಂತ ಸುಮ್ಕಿದ್ದೆ."

ಡಬ್ಬಿಯನ್ನು ಅವಳು ತೆಗೆದುಕೊಳ್ಳಲಿಲ್ಲ. ಇನ್ನು ಮೈಸೂರಿನಲ್ಲಿ ತೋರಿಸಿಕೊಳ್ಳುತ್ತೇನೆ, ಅಲ್ಲಿ ನಾನು ಯಾರೋ ಅವರು ಯಾರೋ ಅಂದಳು. ನಾನು ಅಲ್ಲಿಂದ ನೇರ ಡಾಕ್ಟರಮ್ಮನ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ, ಕತ್ತರಿಯನ್ನೂ ಸೇರಿಸಿ. ಅವಳು ಪೆನ್ನಿನ ಮುಚ್ಚಳ ತೆಗೆದಳು. ನನ್ನನ್ನು ಬಯ್ಯಲಿಲ್ಲ. "ಎಲ್ಲೆರ ನುಂಗಲಿ, ನುಂಗಿದ್ರ ಸಾಕು" ಎಂದು ಮೈಸೂರಿನ ದೊಡ್ಡ ಆಸ್ಪತ್ರೆಗೆ ಕಾಗದ ಬರೆದಳು. ಬರೆದು ಮುಗಿಸಿ ಮರದ ಕಡೆ ನೋಡಿದಳು. "ಒಬ್ಬಾಕಿ ಒಳಗ ಬಂದಿದ್ಲು, ನೋಡ್ರಿ ಅಕ್ಕಾರ."

ಅದಾದ ಮೇಲೆ ತಿಂಗಳಿಗೊಮ್ಮೆ ಹೊಂಗೆ ಮರದ ಕೆಳಗೆ ತಾಯಮ್ಮ ಕಾಣಿಸುತ್ತಿದ್ದಳು. ಬಟ್ಟೆ ಅಂಗಡಿಯ ಕವರು, ಹಬ್ಬದ ಸೀರೆ. ಕೂಲಿಯೂ ಹೂವೂ ತಪ್ಪಿದ ದಿನ ಅದು ಅವಳಿಗೆ. ನನ್ನ ಅಡುಗೆಮನೆಯ ಕಿಟಕಿಗೆ ಬೆನ್ನು ಮಾಡಿಯೇ ನಿಲ್ಲುತ್ತಿದ್ದಳು. ಬಸ್ಸು ಬಂದು, ಹೋಗಿ, ಮರದ ಕೆಳಗೆ ಖಾಲಿಯಾದ ಮೇಲೆ ನಾನು ಒಲೆಯ ಕಡೆ ತಿರುಗುತ್ತಿದ್ದೆ. ಅಷ್ಟರಲ್ಲಿ ದೋಸೆ ಹತ್ತಿರುತ್ತಿತ್ತು. ಮುಂದಿನ ಬೇಸಿಗೆಯಲ್ಲಿ ನಮಗೆ ಹೊಳೆನರಸೀಪುರಕ್ಕೆ ವರ್ಗವಾಯಿತು. ನಮಗಿಂತ ಮೊದಲೇ ಡಾಕ್ಟರಮ್ಮನಿಗೂ ವರ್ಗವಾಗಿತ್ತು.

ಇದನ್ನೂ ಬರೆದುಬಿಡುತ್ತೇನೆ. ಹೋದ ವರ್ಷ ನನ್ನ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ತೋರಿಸಲು ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಆಸ್ಪತ್ರೆಯಿತ್ತು. ನಾನು ಮೈಸೂರಿಗೆ ಹೋದೆ. ಬೀದಿಯವರಿಗೆ ನಾದಿನಿಯ ಮನೆಗೆ ಎಂದೆ. ಮಗಳಿಗೆ ಇಪ್ಪತ್ತು ತುಂಬಿದೆ, ಸಂಬಂಧದ ಮಾತು ಬರುವ ಕಾಲ, ಅದೇ ಮೊದಲು ತಲೆಗೆ ಬಂದದ್ದು. ಗಂಟು ಏನೂ ಅಲ್ಲ ಎಂದಾಯಿತು. ಆದರೆ ಅಲ್ಲಿ ಪಕ್ಕದಲ್ಲಿ ಕುಳಿತವರು "ಯಾವೂರಮ್ಮ?" ಎಂದು ಕೇಳಿದಾಗ ನಾನು ಬೇರೆ ಊರಿನ ಹೆಸರು ಹೇಳಿದೆ. ಮುಖ ಕೆಂಪಾಗಲಿಲ್ಲ.

ಕಳೆದ ತಿಂಗಳು ಬಸ್ಸು ಆ ಊರಿನಲ್ಲಿ ಹತ್ತು ನಿಮಿಷ ನಿಂತಿತು. ಇಳಿಯುವುದೋ ಬೇಡವೋ ಎಂದುಕೊಳ್ಳುತ್ತಲೇ ಇಳಿದೆ. ಸ್ಟ್ಯಾಂಡಿನ ಮೂಲೆಯಲ್ಲಿ ಹೂವಿನ ಕುಕ್ಕೆ. ಮೈ ಇಳಿದಿತ್ತು, ಕೂದಲು ಬೆಳ್ಳಗಾಗಿತ್ತು, ಆದರೆ ಮೊಳ ಅಳೆಯುವ ಆ ಮೊಣಕೈ ಅವಳದೇ.

"ತಾಯಮ್ಮ."

ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಓ, ಲೆಕ್ಚರ್ರ ಮನೆ ಅಮ್ಮಾವ್ರು! ಬನ್ನಿ ಬನ್ನಿ. ತೋರ ಆಗಿದ್ದೀರಿ."

"ನೀವು ಚೆನ್ನಾಗಿದ್ದೀರಾ?" ಬಹುವಚನ ತಾನಾಗಿ ಬಂತು. ಅವಳು ಅದನ್ನು ಗಮನಿಸಿದಳೋ ಇಲ್ಲವೋ. ರೂಪಳನ್ನು ನುಗ್ಗೇಹಳ್ಳಿಯ ಹತ್ತಿರ ಕೊಟ್ಟಿದ್ದಾಳಂತೆ. "ದೂರ್ವೇ ಆಯ್ತು. ಬೇಕಂತಲೇ ದೂರ ನೋಡ್ದೆ. ಎಲ್ಡ್ ಮಕ್ಳು." ಇಷ್ಟು ಹೇಳುವಷ್ಟರಲ್ಲಿ ಎರಡು ಸಲ ಉಸಿರು ತೆಗೆದುಕೊಂಡಳು. ನಾನು ದನಿ ತಗ್ಗಿಸಿ ಕೇಳಿದೆ, ಮಾತ್ರೆ ಪೂರ್ತಿ ಆಯಿತಾ ಎಂದು. ಅವಳೂ ದನಿ ತಗ್ಗಿಸಿದಳು. "ಮುಗುಸ್ದೆ. ನಡ್ವೆ ಬುಟ್ಟಿದ್ಕೆ ಜಾಸ್ತಿ ತಿಂಗ್ಳು ನುಂಗ್ಸುದ್ರು. ಈಗೇನಿಲ್ಲ. ಮೆಟ್ಲತ್ತುದ್ರೆ ವಸಿ ಉಬ್ಸ, ಅಷ್ಟೇಯ."

ಅಷ್ಟರಲ್ಲಿ ಇಬ್ಬರು ಹುಡುಗಿಯರು ಹೂವಿಗೆ ಬಂದರು. ತಾಯಮ್ಮ ಅಳೆದಳು. ಕುಕ್ಕೆಯ ಹಿಡಿಗೆ ದಾರದಲ್ಲಿ ಒಂದು ಕತ್ತರಿ ಕಟ್ಟಿತ್ತು. ಸಂತೆಯಲ್ಲಿ ಸಿಗುವ ಸಾಧಾರಣ ಕಬ್ಬಿಣದ್ದು, ಹಿಡಿ ಸವೆದು ಹೊಳೆಯುತ್ತಿತ್ತು. ಅದನ್ನು ಎಳೆದು ದಾರ ಕತ್ತರಿಸಿ ಕೊಟ್ಟಳು. ಆ ಹುಡುಗಿಯರಿಗೆ ಅದು ಕಣ್ಣಿಗೇ ಬೀಳಲಿಲ್ಲ. ಅವರು ಕಂಡಾಗಿನಿಂದ ತಾಯಮ್ಮ ಹಾಗೇ ಕೊಡುತ್ತಿರಬೇಕು.

ಡ್ರೈವರು ಸೀಟಿಗೆ ಹತ್ತಿದ. ನಾನು ಎರಡು ಮೊಳ ಮಲ್ಲಿಗೆ ಕೇಳಿದೆ. ಅವಳು ಅಳೆದಳು. ಕ್ಷಮಿಸಿ ಎನ್ನಬೇಕೆಂದಿದ್ದ ಬಾಯಿಯಿಂದ ಬೇರೆ ಮಾತು ಬಂತು.

"ಕತ್ತರಿ ಬೇಡ ತಾಯಮ್ಮ. ಮೊದಲಿನ ಹಾಗೆ ಕಚ್ಚಿಬಿಡಿ."

ತಾಯಮ್ಮ ನನ್ನ ಮುಖ ನೋಡಿದಳು. ದಾರವನ್ನು ಬಾಯಿಯ ಹತ್ತಿರ ಒಯ್ದಳು. ತುಟಿಗೆ ತಾಗುವ ಮೊದಲು ಕೈ ನಿಂತಿತು. ಆ ಕಡೆ ಈ ಕಡೆ ಕಣ್ಣು ಹಾಯಿಸಿ ನಕ್ಕುಬಿಟ್ಟಳು.

"ಅಬ್ಯಾಸ ತಪ್ಪೋಗದೆ ಕಣಮ್ಮ" ಎಂದು ಕತ್ತರಿ ಎಳೆದುಕೊಂಡಳು.

ಬಸ್ಸು ಆಸ್ಪತ್ರೆಯ ಮುಂದೆ ಹಾಯಿತು. ಹೊಂಗೆ ಮರದ ಕೆಳಗೆ ಏಳೆಂಟು ಜನ ಇದ್ದರು. ನಾನು ಮಡಿಲಲ್ಲಿದ್ದ ಹೂವನ್ನು ಮೊಣಕೈಗೆ ಹಿಡಿದು ಅಳೆದೆ. ಎರಡು ಮೊಳ, ಅದರ ಮೇಲೆ ಕೊಸರಿಗೆ ಎರಡು ಬೆರಳು, ಮೊದಲಿನಷ್ಟೇ.